ಖಾಲಿ ಬಿಟ್ಟ ಕಿಂಡಿ

ಹವಲ್ಲಿಯ ಇಬ್ನ್ ಖಲ್ದೂನ್ ಬೀದಿಯಲ್ಲಿ
ಸಂಜೆ ಏಳಕ್ಕೂ ಗೋಡೆ ಮುಟ್ಟಿದರೆ ಕೈ ಚುರ್ರೆನ್ನುತ್ತದೆ.
ಬೆಳಗಿನ ಪಾಳಿ ಮುಗಿಸಿ, ಎರಡು ಬಸ್ಸು ಬದಲಿಸಿ
ಇನ್ನೂರು ದಿನಾರ್ ಪರ್ಸಿನ ಒಳಜೇಬಿಗೆ ತುರುಕಿ ಬಂದಿದ್ದೇನೆ.
ಇದು ಮೂರನೇ ಗುರುವಾರ.
ಹಿಂದಿನೆರಡು ಸಲ ಬರೀ ಬೆಲೆ ಕೇಳಿ ಹೋಗಿದ್ದೆ,
ಸೀರೆ ಅಂಗಡಿಯಲ್ಲಿ ಎಲ್ಲ ಬಿಡಿಸಿ ಹಾಕಿಸಿ
"ಆಮೇಲೆ ಬರ್ತೇವೆ" ಅನ್ನುವವರ ಹಾಗೆ.

"ಮಗನಿಗಾ ಸಿಸ್ಟರ್?" ಅಬು ನಿಜಾರ್ ಕೇಳುತ್ತಾನೆ.
"ನನಗೆ."
"ಆಫೀಸ್ ಕೆಲಸಕ್ಕಾ?"
"ಆಟಕ್ಕೆ."
ಅವನ ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ.
ನಲವತ್ತಮೂರು ನಡೆಯುತ್ತಿದೆ ನನಗೆ.
ಡಯಾಲಿಸಿಸ್ ವಾರ್ಡಿನಲ್ಲಿ ಹನ್ನೊಂದು ಯಂತ್ರ ನೋಡಿಕೊಳ್ಳುತ್ತೇನೆ,
ಅದರಲ್ಲಿ ಒಂದೂ ನನ್ನದಲ್ಲ.

ಗಾಜಿನ ಹಿಂದೆ ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡು
ಬಣ್ಣ ಬದಲಿಸುತ್ತ ಕೂತಿದೆ, ಮದುವೆ ಮಂಟಪದ ಗತ್ತಿನಲ್ಲಿ.
ಅದೊಂದೇ ಸಾಕು ನನ್ನ ಪರ್ಸು ನುಂಗಿ ನೀರು ಕುಡಿಯಲು.
ನಾನು ಮೇಜಿನಡಿಯ ರಟ್ಟಿನ ಡಬ್ಬಕ್ಕೆ ಬೆರಳು ತೋರಿಸುತ್ತೇನೆ:
ಸೆಕೆಂಡ್ ಹ್ಯಾಂಡ್, ಅರುವತ್ತೆರಡು.
ಎತ್ತಿ, ತಿರುಗಿಸಿ, ಮೂಸಿ ನೋಡುತ್ತೇನೆ.
ಸುಟ್ಟ ವಾಸನೆ ಇಲ್ಲ. ರೆಕ್ಕೆಗಂಟಿದ ಧೂಳಿನಲ್ಲಿ
ಯಾರದೋ ಮನೆಯ ಬಖೂರಿನ ಘಮ.
ಹಾಗಾದರೆ ಮನೆಯಲ್ಲಿ ಬಾಳಿದ್ದು,
ಬಿಟ್‌ಕಾಯಿನ್ ತೋಡುವವರ ಗೋದಾಮಿನಲ್ಲಿ ಹಗಲಿರುಳು ದುಡಿದದ್ದಲ್ಲ.
ಕಾಲು ಗಂಟೆ ಓಡಿಸಿ ತೋರಿಸು ಅಂದೆ,
ಬಿಲ್ಲಿನ ಹಿಂಬದಿಯಲ್ಲಿ ಶಾಖ ಬರೆದುಕೊಂಡೆ, ಜ್ವರದ ಚಾರ್ಟು.
ಎಪ್ಪತ್ತು. ಎಪ್ಪತ್ತೊಂದು. ಎಪ್ಪತ್ತೆರಡು.
ಅಲ್ಲೇ ನಿಂತಿತು.

ಪವರ್ ಸಪ್ಲೈ ಮಾತ್ರ ಹೊಸದೇ ಬೇಕು.
"ಆರು ದಿನಾರಿಂದೂ ಉಂಟು, ಯಾರ ಕಣ್ಣಿಗೂ ಬೀಳುವುದಿಲ್ಲ ಅದು."
ಕಣ್ಣಿಗೆ ಬೀಳದ್ದರಲ್ಲೇ ಜಿಪುಣತನ ಮಾಡಬಾರದು ಮಾರಾಯ,
ರಕ್ತ ತಿರುಗಿಸುವ ಪಂಪೂ ಹೊರಗಿನಿಂದ ಬರೀ ಬೂದು ಡಬ್ಬ.
ಹದಿನೆಂಟು ಎಣಿಸಿದೆ.
ಕ್ಯಾಬಿನೆಟ್ಟು ಎಲ್ಲಕ್ಕಿಂತ ಕುರೂಪಿ, ಮುಖವಿಡೀ ತೂತು;
ಹಳೆಯ ಸ್ಟಾಕಿಂಗ್ಸ್ ಕತ್ತರಿಸಿ ಬಿಗಿದರೆ ಧೂಳುಗಾಳಿಗೆ ಸಾಕು.

ಮದರ್‌ಬೋರ್ಡಿನ ಕಥೆ ಬೇರೆ.
ತಂಗಿಯ ಗಂಡ ಸ್ಕೂಟರಿಗೆಂದು ಕೇಳಿದ್ದ.
ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇಲ್ಲ ಅಂದಿದ್ದೆ.
ಫೋನಿನ ಆಚೆ ತುಂಬ ಹೊತ್ತು ಸದ್ದಿರಲಿಲ್ಲ.
ಆ ಇಲ್ಲದಿಂದ ಬಂದದ್ದು ಇದು.

ಅದರಲ್ಲಿ ರ‍್ಯಾಮಿಗೆ ಎರಡು ಕಿಂಡಿ.
"ಜೋಡಿ ಹಾಕಿದರೆ ಓಟ ಹೆಚ್ಚು, ಸಿಸ್ಟರ್."
ಗೊತ್ತು. ಬರುವ ಸಂಬಳಕ್ಕೆ ಇರಲಿ ಇನ್ನೊಂದು.

ಅಬ್ಬಾಸಿಯಾದ ಕೋಣೆ, ಇಸ್ತ್ರಿ ಮೇಜು,
ಮಂಚದ ಕಬ್ಬಿಣ ಮುಟ್ಟಿ ಮುಟ್ಟಿ ಮೈಯ ವಿದ್ಯುತ್ತು ಇಳಿಸಿದೆ.
ಪ್ರೊಸೆಸರನ್ನು ಒತ್ತಲಿಲ್ಲ, ಇಟ್ಟೆ; ತಾನಾಗಿ ಕೂತಿತು.
ಬಟಾಣಿ ಕಾಳಿನಷ್ಟು ಪೇಸ್ಟು.
ವಯರುಗಳನ್ನು ಹಿಂದಿನಿಂದ ಎಳೆದು ತಂದೆ,
ಸಿಗದ ನರ ಹುಡುಕುವುದು ನನ್ನ ಅನ್ನದ ವಿದ್ಯೆ.
ಸ್ವಿಚ್ಚು ಒತ್ತಿದೆ.
ಫ್ಯಾನು ತಿರುಗಿತು, ಪರದೆ ಕಪ್ಪು.
ಮೂರು ಉದ್ದ ಬೀಪ್.

ಅಡುಗೆಮನೆಯಿಂದ ಶೈಲಮ್ಮ ಸೌಟು ಹಿಡಿದೇ ಓಡಿ ಬಂದಳು,
"ಯಾರಿಗೇನಾಯ್ತು?"
ಇಬ್ಬರೂ ಬಗ್ಗಿ ನೋಡಿದೆವು, ಇಬ್ಬರೂ ಡ್ಯೂಟಿಯ ಮುಖದಲ್ಲಿ.
ರ‍್ಯಾಮು ಅರ್ಧ ಮಾತ್ರ ಕೂತಿತ್ತು.
ಹೆಬ್ಬೆರಳು ಕೊಟ್ಟು ಒತ್ತಿದೆ. ಟಕ್.

ಈಗ ಆಟದೊಳಗೆ ನಡು ಮಧ್ಯಾಹ್ನ.
ಹೊರಗೂ ಅದೇ ಹೊತ್ತು, ನಲವತ್ತೊಂಬತ್ತು ಡಿಗ್ರಿ,
ಬೀದಿಯಲ್ಲಿ ಬೆಕ್ಕೂ ಇಲ್ಲ.
ನಾನು ಮಾತ್ರ ಬೋಳು ತಲೆಯ ಬಯಲಿನಲ್ಲಿ
ಕೊಡೆ ಇಲ್ಲದೆ ನಡೆಯುತ್ತಿದ್ದೇನೆ.
ದೂರದ ಹುಲ್ಲು ಸ್ವಲ್ಪ ತಡವರಿಸಿ ಮೂಡುತ್ತದೆ.
ಓಡಬೇಡ ಲಿಡ್ವಿನ್, ನಿಧಾನ,
ಇರುವುದು ಎಂಟೇ ಜಿಬಿ.