ಕಪ್ಪು ನೂಲು

ಚಟ್ಲಿ ಸುಲಿಯುವಾಗ ಬೆನ್ನು ಸೀಳಿ
ಹೆಬ್ಬೆರಳ ಉಗುರಲ್ಲಿ ಎಳೆದು ಬಿಸಾಡುತ್ತೇವಲ್ಲ
ಆ ಕಪ್ಪು ನೂಲು,
ಅದನ್ನೇ ಹುಡುಕುತ್ತ ನಿಂತಿದ್ದೇನೆ
ಉಪ್ಪಿನಕುದ್ರುವಿನ ನಾಲ್ಕನೇ ಹೊಂಡದ ದಂಡೆಯಲ್ಲಿ,
ಬೆಳಗಿನ ಐದೂವರೆಗೆ, ಹಣೆಗೆ ಟಾರ್ಚು ಕಟ್ಟಿ.

ಬಚ್ಚಿಯತ್ತೆ ಹಗ್ಗ ಎಳೆದು ತಟ್ಟೆ ಎತ್ತುತ್ತಾಳೆ.
ನೀರು ಜಾರಿ ಹತ್ತು ಸಿಗಡಿ ಉಳಿಯುತ್ತವೆ.
ಚಿಟ್ಟನೆ ಚಿಮ್ಮುವವು ನಾಲ್ಕು,
ಉಳಿದವು ಕೊನೆಯ ಬಸ್ಸು ತಪ್ಪಿದವರಂತೆ ಸುಮ್ಮನೆ.
ಬೆಳಕಿಗೆ ಹಿಡಿದರೆ ಮೈಯೆಲ್ಲ ಗಾಜು,
ಉಂಡದ್ದರ ಗುರುತಿಲ್ಲ. ನೂಲು ತುಂಡುತುಂಡು,
ಶಾಯಿ ಮುಗಿಯುತ್ತ ಬಂದ ಪೆನ್ನಿನ ಗೆರೆ.
"ಮೋರಿ ಕಾಣ್ಬೇಡ ಮಗಾ, ಹೊಟ್ಟಿ ಕಾಣ್" ಎನ್ನುತ್ತಾಳೆ
ಗಂಗೊಳ್ಳಿಯ ಶೆಡ್ಡಿನಲ್ಲಿ, ಐಸಿನ ನೀರಲ್ಲಿ ಕೈಯಿಟ್ಟು
ಇಪ್ಪತ್ತೆರಡು ವರ್ಷ ಇದೇ ನೂಲು ಕಿತ್ತವಳು.

ಗಾಳಿ ತಳ್ಳಿದ ಮೂಲೆಗೆ ಬಿಳಿ ಹಿಕ್ಕೆ ತೇಲಿ ಬಂದಿದೆ,
ಶಾವಿಗೆಯ ಚೂರುಗಳ ಹಾಗೆ.

ಲಾದ್ರು ಬಾಬ್ ಮುಖ ನೋಡದೆ ಕೇಳಿದ: "ಮದ್ದು?"
ಅದು ಅವನ ಜೇಬಿನಲ್ಲೇ ಇದೆಯೆಂದು ಇಬ್ಬರಿಗೂ ಗೊತ್ತು,
ಲೇಬಲ್ಲು ಹರಿದ ಪೊಟ್ಟಣ. ಸುರಿದರೆ
ಕೆಟ್ಟವರೂ ಸಾಯುತ್ತಾರೆ, ಒಳ್ಳೆಯವರೂ.
ಆಮೇಲೆ ಹುಟ್ಟುವ ಮೊಂಡರು ಮಾತ್ರ
ಯಾವ ಮದ್ದಿಗೂ ಜಗ್ಗುವುದಿಲ್ಲ.
ಹೋದ ವರ್ಷ ಯಾರದೋ ಕಂಟೇನರು
ಸಮುದ್ರ ದಾಟಿ ಹೋಗಿ, ದಾಟಿ ವಾಪಸು ಬಂದಿತ್ತು.
ನಾನು ನಿಯಮ ಹೇಳಲಿಲ್ಲ. ಮಾತಾಡಿದವಳು ಅತ್ತೆ:
"ಟೈಫಾಯ್ಡ್ ಆಯಿ ಮಾತ್ರೆ ತಿಂದೆ, ಜ್ವರ ಬಿಟ್ತ್.
ಮೂರ್ ತಿಂಗ್ಳ್ ಗಂಜಿಯೂ ಹೊಟ್ಟೀಲ್ ನಿಲ್ಲಲ್ಲ ಬಾಬ್.
ನನ್ನ್ ಎಬ್ಸಿದ್ದ್ ಮಜ್ಜಿಗಿ."

ಹಾಗಾಗಿ ನೀಲಿ ಡ್ರಮ್ಮು. ಬೆಲ್ಲ, ಅಕ್ಕಿಯ ತೌಡು,
ಚಿಟಿಕೆ ಯೀಸ್ಟು, ನಾನು ತಂದ ಬೂದು ಪುಡಿ;
ಒಂದು ಚಮಚದಲ್ಲಿ ಜಿಲ್ಲೆಯ ಜನಗಣತಿ ಮೀರುವಷ್ಟು ಜೀವ.
ಮರುದಿನ ಮುಚ್ಚಳ ತೆರೆದರೆ ಗುಳುಗುಳು,
ದೋಸೆಹಿಟ್ಟಿನ ಹುಳಿ, ಸ್ವಲ್ಪ ಶೇಂದಿಯ ನೆನಪು.
ಬಾಬ್ ಮೂಸಿ ನೋಡಿ ಆ ವಾರ ಮೊದಲ ಸಲ ನಕ್ಕ.
ಮೇವು ಅರ್ಧಕ್ಕಿಳಿಸಿದೆವು. ಹಸಿವೂ ಒಂದು ಪಥ್ಯ.
ಏರೇಟರಿನ ಚಕ್ರ ರಾತ್ರಿಯಿಡೀ ನೀರನ್ನು ಬಡಿಯಿತು.

ಕೋಟೇಶ್ವರದ ಲ್ಯಾಬಿನಲ್ಲಿ ನನ್ನ ತಟ್ಟೆ ಬೇರೆ,
ಅಂಗೈಯಗಲದ್ದು. ಅರೆದ ಕರುಳಿನ ಒಂದು ಹನಿ ಹಚ್ಚಿಟ್ಟರೆ
ಬೆಳಗಾಗುವಷ್ಟರಲ್ಲಿ ಚುಕ್ಕಿಗಳು ಏಳುತ್ತವೆ.
ಹಳದಿ ಬಂದರೆ ಉಸಿರು, ಹಸಿರು ಬಂದರೆ ಫೋನು.
ಈ ಊರಲ್ಲಿ ಹಸಿರಿಗೆ ಹೆದರುವ ಕೆಲಸ
ನನ್ನದೊಂದೇ ಇರಬೇಕು.
ಸೋಮವಾರ ಎಣಿಸಿದ ಹಸಿರು ಇನ್ನೂರ ಹದಿನಾಲ್ಕು.
ಗುರುವಾರ ಮೂವತ್ತೊಂಬತ್ತು. ನಂಬದೆ ಮತ್ತೆ ಎಣಿಸಿದೆ,
ಬುತ್ತಿ ತೆರೆಯುವಾಗ ಮೂರು ಗಂಟೆ.
ಅಮ್ಮ ಕಟ್ಟಿದ್ದು ಚಟ್ಲಿ ಸುಕ್ಕ.

ಬಾಬ್ ಹೊಂಡ ಸಾಕುತ್ತಾನೆ, ಹೊಂಡ ಸಿಗಡಿಯನ್ನು,
ಸಿಗಡಿ ತನ್ನೊಳಗೆ ಕೂದಲೆಳೆಯಗಲದ ಒಂದು ಕೇರಿಯನ್ನು.
ಆ ಕೇರಿಯಲ್ಲಿ ಜಗಳವೆದ್ದರೆ
ಬಾಬಿನ ಮಗಳ ನರ್ಸಿಂಗ್ ಫೀಸು ನಿಲ್ಲುತ್ತದೆ.

ಅಮಾವಾಸ್ಯೆಯ ಉಬ್ಬರ. ತೂಬು ತೆರೆಯಬೇಡಿ ಎಂದಿದ್ದೆ.
ಹೊಳೆ ಹೊರಗೆ ನಿಂತು ಹಲಗೆ ಬಡಿಯುತ್ತಿತ್ತು,
ಏನೇನೋ ಹೊತ್ತು ತಂದ ನೆಂಟನ ಹಾಗೆ.
ಅತ್ತೆ ತಟ್ಟೆ ಎತ್ತಿದಳು.
ಹತ್ತರಲ್ಲಿ ಏಳಕ್ಕೆ ನೂಲು,
ತಲೆಯಿಂದ ಬಾಲದವರೆಗೆ ಎಲ್ಲೂ ಕಡಿಯದೆ,
ಕಪ್ಪಾಗಿ, ಹೊಲಸಾಗಿ, ಚಂದವಾಗಿ.
ಪುಸ್ತಕದಲ್ಲಿ ಬರೆದೆ: ಏಳು.
ಉಳಿದ ಮೂರನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅತ್ತೆ
ಟಾರ್ಚು ಆರಿಸು ಎಂದಳು.
ಬೆಳಕಾಗಿತ್ತು.