ಮೋಟು ಕೊಕ್ಕಿನವಳು

ರಾಸೊ ಎಂದರೆ ನಮ್ಮ ಮಾತಲ್ಲಿ ತಗ್ಗು, ಚಪ್ಪಟೆ.
ಕಡಲು ಒಣಹಾಕಿ ಮರೆತ ಚಾಪೆಯಂಥ ದ್ವೀಪ.
ಮರವಿಲ್ಲ, ಬಾವಿಯಿಲ್ಲ, ನೆರಳಿಗೆ ನನ್ನದೇ ಟೋಪಿ.
ಅದರ ಮೇಲೆ ಮಣ್ಣಿನ ಬಣ್ಣದ ಒಂದು ನೆಲಗುಬ್ಬಿ,
ಭೂಮಿಯಲ್ಲಿ ಇನ್ನೆಲ್ಲೂ ಗೂಡು ಕಟ್ಟಿಲ್ಲದ್ದು.

ನಾನು ಅರ್ಮಿಂದು, ಕಾಲ್ಯಾವಿನ ಬೆಸ್ತ.
ಮೊದಲು ಇಲ್ಲಿಗೆ ಬಂದಾಗ ಹನ್ನೊಂದು ವರ್ಷ,
ಕೈಯಲ್ಲಿ ಗೋಣಿಚೀಲ, ಅಪ್ಪನ ಕೈಯಲ್ಲಿ ಕೊಕ್ಕೆ.
ಕಡಲಹಕ್ಕಿಯ ಕೊಬ್ಬಿದ ಮರಿಗಳನ್ನು ಬಿಲದಿಂದೆಳೆದು
ಉಪ್ಪು ಸವರಿ ಪೀಪಾಯಿಗೆ ತುಂಬುತ್ತಿದ್ದೆವು.
ನೆಲಗುಬ್ಬಿಯನ್ನು ಯಾರೂ ಮುಟ್ಟಲಿಲ್ಲ.
ಒಂದು ತುತ್ತಿಗೂ ಸಾಲದು ಅನ್ನುತ್ತಿದ್ದ ಅಪ್ಪ.
ಬದುಕಿಕೊಂಡಿತು, ಸಣ್ಣದೆಂದು.

ಈಗ ಅದೇ ದೋಣಿಯಲ್ಲಿ ದುರ್ಬೀನು, ನೋಟ್‌ಬುಕ್ಕು,
ಬಣ್ಣದ ಕಾಲುಂಗುರಗಳ ಡಬ್ಬಿ.
ತೊಡಿಸುವಾಗ ಹಕ್ಕಿಯ ಎದೆ ಬೆರಳೊಳಗೆ
ಕೀಲು ತಪ್ಪಿದ ಗಡಿಯಾರದಂತೆ ಓಡುತ್ತದೆ.
ದೆಲ್ಮೀರಾ ಕೊಕ್ಕು ಅಳೆಯುತ್ತಾಳೆ, ನಾನು ಬರೆಯುತ್ತೇನೆ:
ಗಂಡಿನದು ಉದ್ದ. ಹೆಣ್ಣಿನದು ಮೋಟು.

ಉದ್ದ ಕೊಕ್ಕಿನವನು ಒಣಮಣ್ಣು ತೋಡುತ್ತಾ
ಕೊನ್ನಾರಿ ಗಡ್ಡೆಯ ತನಕ ಇಳಿಯುತ್ತಾನೆ,
ತಲೆ ಮುಳುಗಿ, ಹೆಗಲು ಮುಳುಗಿ
ಬಾಲವೊಂದೇ ಮೇಲೆ.
ಆಮೇಲೆ ಕುಳಿಗೆ ಕಾವಲು.
ಅವಳು ಹತ್ತಿರ ಸುಳಿದರೆ ಅಟ್ಟಿಬಿಡುತ್ತಾನೆ.
ಬೀಜವೋ ಹುಳುವೋ ಸಿಕ್ಕಿದ್ದನ್ನು ಕುಕ್ಕುತ್ತಾ ಅವಳು ದೂರ.
ಮಳೆ ತಪ್ಪಿದ ವರ್ಷ ಪುಟದಲ್ಲಿ
ಮೊದಲು ಖಾಲಿಯಾಗುವುದು ಹೆಣ್ಣಿನ ಸಾಲು.
ಬರೆಯುತ್ತಾ ಕೈ ನಿಂತಿತು:
ನಾವೆಲ್ಲ ಉಂಡೆದ್ದ ಮೇಲೆ
ಅಮ್ಮ ಪಾತ್ರೆಯ ತಳ ಕೆರೆಯುತ್ತಿದ್ದ ಸದ್ದು.

ಮಳೆ ಬಂದರೆ ಮೊಟ್ಟೆ. ಮೊಟ್ಟೆಯಿಟ್ಟರೆ ರಾತ್ರಿ
ಗೇಣುದ್ದದ ಹಲ್ಲಿ. ಅದನ್ನು ಬಡಿಯಹೋದವನನ್ನು
ದೆಲ್ಮೀರಾ ತಡೆದಳು:
ಅದೂ ಇಲ್ಲಿಯದೇ ಕೂಸು, ಮಾರಾಯ.

ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿ ಇಡಬಾರದೆಂದು
ಸಾಂತಾ ಲೂಜಿಯಾಕ್ಕೆ ಸಾಗಿಸಿದೆವು ಕೆಲವನ್ನು,
ಅಲ್ಲಿ ಬೆಕ್ಕಿನ ಕೊನೆಯ ಹೆಜ್ಜೆಗುರುತೂ ಅಳಿಸಿದ ಮೇಲೆ.
ಬಟ್ಟೆ ಮುಚ್ಚಿದ ಪೆಟ್ಟಿಗೆಗಳು ನನ್ನ ಮೊಣಕಾಲ ನಡುವೆ.
ಹಿಂದೆ ಪೀಪಾಯಿ ಇಡುತ್ತಿದ್ದ ಜಾಗ.
ದೋಣಿಯಲ್ಲಿ ಯಾರೂ ಸಿಗರೇಟು ಹಚ್ಚಲಿಲ್ಲ.

ಬಾಗಿಲು ತೆರೆದೆ. ಹಾರಿದವು ಹಾರಿದವು.
ಒಬ್ಬಳು ಮಾತ್ರ ನಡೆದೇ ಹೊರಬಂದಳು,
ಎಡಗಾಲಲ್ಲಿ ಹಳದಿ, ಬಲಗಾಲಲ್ಲಿ ಬಿಳಿ.
ಅತ್ತಿತ್ತ ನೋಡಿದಳು. ಅಟ್ಟುವವರಿಲ್ಲ.
ಆ ಮೋಟು ಕೊಕ್ಕಿನಿಂದಲೇ
ತೋಡತೊಡಗಿದಳು.

ಗಡ್ಡೆ ಸಿಕ್ಕಿತೋ ಇಲ್ಲವೋ ತಿಳಿಯದು.
ಇಳಿತ ಶುರುವಾಗಿತ್ತು,
ದೋಣಿಯಿಂದ ಕೂಗುತ್ತಿದ್ದರು.