ಮೂರನೆಯ ಮೇಜು

ರಾತ್ರಿ ಎರಡೂ ಕಾಲು. ಕೆಳಗೆ ಸರೋವರ
ಹೆಪ್ಪುಗಟ್ಟುತ್ತ ನರಳುವ ಸದ್ದು.
ಡುಲೂತಿನ ಈ ಹಿರಿಯರ ನಿವಾಸದಲ್ಲಿ
ಇಪ್ಪತ್ತಾರು ಉಸಿರು, ಒಂದು ಡ್ರೈಯರು, ನಾನು.
ಮಡಿಸಿಟ್ಟ ಟವೆಲ್ಲುಗಳ ಮೇಲೆ ತೆರೆದ ಪುಸ್ತಕ.
ಶನಿವಾರ ಪರೀಕ್ಷೆ.
ನಲವತ್ತಮೂರಕ್ಕೆ ಲಾ ಕಾಲೇಜೇ, ಡಾರ್ಲಾ?
ಎಂದು ನಕ್ಕ ತಂಗಿಗೆ ಹೇಳಿದ್ದೆ:
ಕಾಯ್ದೆ ಆಮೇಲೆ ಕಣೆ, ಮೊದಲು ಆಟ.

ಆಟವೆಂದರೆ ಇಷ್ಟು:
ಏಳು ಜನ ಸಸ್ಯತಜ್ಞರು, ಮೂರು ಸಮಿತಿ.
ಹೆಸರಿಲ್ಲ ಪಾಪ, ಒಬ್ಬೊಬ್ಬರಿಗೆ ಒಂದೊಂದು ಅಕ್ಷರ.
ಎಫ್ ಇದ್ದಲ್ಲಿ ಜಿ ಇರಕೂಡದು.
ಎಚ್ ಹೋದ ಕಡೆ ಜೆ ಬೆನ್ನಿಗೇ ಹೋಗಬೇಕು.
ಕೆ, ಎಲ್ ಇಬ್ಬರಲ್ಲಿ ಒಬ್ಬರಿಗಷ್ಟೇ
ಮೊದಲ ಸಮಿತಿಯಲ್ಲಿ ಜಾಗ.
ಎಮ್‌ಗೆ ಮಾತ್ರ ಯಾವ ನಿಯಮವೂ ಇಲ್ಲ,
ಎಲ್ಲಿ ಕೂರಿಸಿದರೂ ಸೈ;
ಎಲ್ಲ ಮದುವೆಗಳಲ್ಲೂ ಇರುತ್ತಾನಲ್ಲ ಅಂಥವನೊಬ್ಬ.
ಒಂದು ಆಟಕ್ಕೆ ಎಂಟೂ ಮುಕ್ಕಾಲು ನಿಮಿಷ.
ಮೊದಲ ತಿಂಗಳು ಅಷ್ಟೂ ಹೊತ್ತು
ರಬ್ಬರಿನ ಪುಡಿ ಊದುವುದರಲ್ಲೇ ಹೋಗಿತ್ತು.

ಆಮೇಲೊಂದು ಬೆಳಗಿನ ಜಾವ ಹೊಳೆಯಿತು:
ಹನ್ನೊಂದು ವರ್ಷದಿಂದ ಇದನ್ನೇ ಬಿಡಿಸುತ್ತಿದ್ದೇನೆ ನಾನು.
ಪಾಳಿ ಮುಗಿಯುವ ಮುನ್ನ
ತಿಂಡಿಯ ಮೇಜುಗಳಿಗೆ ಹೆಸರಿನ ಚೀಟಿ ಇಡುವವಳು ನಾನೇ.
ಬರ್ನಿಸ್ ಇದ್ದಲ್ಲಿ, ಅವಳ ಕಿವುಡಿಗೆ ಬಾಯಾಗಿ,
ಲಾಯ್ಡ್ ಇರಲೇಬೇಕು.
ಓರ್ವಿಲ್ ಅದಿರಿನ ಹಡಗು ಎಣಿಸುತ್ತಾನೆ, ಅವನಿಗೆ ಕಿಟಕಿ.
ಐಲಿ ಕೊರ್ಪಿ ಕೂತ ಮೇಜಿಗೆ
ಹಾರ್ಲನ್ ಶೋಬರ್ಗ್ ಬರಕೂಡದು.
ಎಣ್ಣೆ ಸೀಗೇಕಾಯಿ.
ಕಾರಣ ಕೇಳಿದರೆ ಅವಳು ದೋಣಿ ಅಂತಾಳೆ,
ಅವನು ಸಾಲ ಅಂತಾನೆ,
ಇಸವಿ ಮಾತ್ರ ಇಬ್ಬರದೂ ಒಂದೇ, ಐವತ್ತೆಂಟು.

ಬಾಣ ಎಳೆದೆ: ಐಲಿ ಇದ್ದರೆ ಹಾರ್ಲನ್ ಇಲ್ಲ.
ಮಗುಚಿದೆ: ಹಾರ್ಲನ್ ಇದ್ದರೆ ಐಲಿ ಇಲ್ಲ.
ಕಾವಲಿಯ ಮೇಲಿನ ಲೆಕ್ಕ,
ಎರಡೂ ಬದಿ ಬೆಂದರೇ ನಿಯಮ.
ಆದರೆ ಪುಸ್ತಕ ದಪ್ಪಕ್ಷರದಲ್ಲಿ ಗದರುತ್ತದೆ:
ಹಾರ್ಲನ್ ಇಲ್ಲದಿದ್ದರೆ ಐಲಿ ಇರುತ್ತಾಳೆ
ಎಂದು ಎಲ್ಲಿ ಬರೆದಿದೆ?
ಎಲ್ಲೂ ಬರೆದಿಲ್ಲ. ಆದರೂ ಪ್ರತಿ ಸಲ
ಅಲ್ಲೇ ಎಡವುತ್ತೇನೆ,
ಗೊತ್ತಿರುವ ಹೊಸ್ತಿಲನ್ನೇ.

ಮಂಗಳವಾರ ರಾತ್ರಿ ಹಾರ್ಲನ್ ಹೋದ.
ಕುರ್ಚಿಯಲ್ಲೇ, ಬೂಟು ಕಳಚದೆ.
ಅವನ ಕೈಗಡಿಯಾರ ಲಕೋಟೆಗೆ ಹಾಕಿ, ಸಹಿ ಮಾಡಿ,
ಬುಧವಾರದ ಚೀಟಿ ಇಡುವ ಹೊತ್ತಿಗೆ,
ಹೇಳಲು ನಾಚಿಕೆ,
ಹಗುರಾಗಿದ್ದೆ. ಒಂದು ನಿಯಮ ಕಮ್ಮಿ.
ಐಲಿ ಇನ್ನು ಎಲ್ಲಿ ಬೇಕಾದರೂ ಕೂರಬಹುದು, ಎಮ್‌ನ ಹಾಗೆ.
ಮೂರನೆಯ ಮೇಜಿಗೇ ಇಟ್ಟೆ ಅವಳ ಚೀಟಿ,
ಓರ್ವಿಲ್‌ನ ಪಕ್ಕ, ಸರೋವರಕ್ಕೆ ಮುಖ ಮಾಡಿ.
ವರ್ಷಗಟ್ಟಲೆ ಕೇಳಿದ್ದಳು.

ಬಂದಳು. ಓದಿದಳು.
ಕೋಲೂರಿ ನಿಂತು ಊಟದ ಮನೆಯನ್ನೆಲ್ಲ ನೋಡಿದಳು,
ಯಾರಿಂದ ದೂರ ಕೂರಬೇಕೆಂದು ಹುಡುಕುವ ಹಾಗೆ.
ಓಟ್ಸ್ ಗಂಜಿ ಕೆನೆಗಟ್ಟಿತು.
ಕೂರಲ್ಲ, ಅಂದಳು.
ಇಲ್ಲೂ ಇಲ್ಲ, ಅಲ್ಲೂ ಇಲ್ಲ.
ಮಧ್ಯಾಹ್ನವೂ ಅಷ್ಟೆ. ರಾತ್ರಿಯೂ.

ಎರಡೂ ಮುಕ್ಕಾಲು.
ಪುಸ್ತಕದ ಐದನೆಯ ಪ್ರಶ್ನೆ:
ಇವುಗಳಲ್ಲಿ ಯಾವುದು ನಿಜವಿರಬಹುದು?
ಇರಲೇಬೇಕೆಂದಲ್ಲ, ಇರಬಹುದು.
ಆ ಎರಡರ ನಡುವಿನ ಸಂದಿಗೆ
ಇಷ್ಟು ದಿನ ಬರೀ ಒಂದು ಅಂಕವೆಂದುಕೊಂಡಿದ್ದೆ.

ಡ್ರಾಯರಿನ ತಳದಲ್ಲಿತ್ತು ಹಾರ್ಲನ್‌ನ ಚೀಟಿ.
ಜ್ಯಾಮಿನ ಕಲೆ ಒರೆಸಲಿಲ್ಲ.
ಮೊದಲನೆಯ ಮೇಜಿಗೆ ಇಟ್ಟೆ, ಬಾಗಿಲ ಬಳಿಯದಕ್ಕೆ,
ಕಿಟಕಿಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ.
ಮೂರನೆಯದಕ್ಕೆ ಅವಳದು.

ಡ್ರೈಯರು ನಿಂತಿದೆ. ಏಳಕ್ಕೆ ತಿಂಡಿ.
ಪುಸ್ತಕ ಮಡಿಸಿ, ಬಿಸಿ ಟವೆಲ್ಲಿಗೆ ಕೈ ಹಾಕುತ್ತೇನೆ.